ಹನುಮಮ್ಮ ಕೀಳದೆ ಬಿಟ್ಟ ತುಂಬೆ

ಹನುಮಮ್ಮನಿಗೆ ಓದು ಬರಹ ಗೊತ್ತಿಲ್ಲ. ಆದರೆ ಗಿಡದ ಹೆಸರು ಕೇಳಿದರೆ ಅವಳು ತಡವರಿಸಿದ್ದನ್ನು ನಾನು ಕಂಡಿಲ್ಲ. ಉಡುತಡಿಯ ಕುರಿ ಸಾಕುವ ಮನೆಯವಳು. ಕುರಿ ಯಾವ ಸೊಪ್ಪು ತಿನ್ನುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಎಂದು ನೋಡುತ್ತಲೇ ಬೆಳೆದವಳು. ಅಂಥವಳನ್ನು ತೊಂಬತ್ತೈದರಲ್ಲಿ, ಶಿಕಾರಿಪುರದ ನನ್ನ ಹೊಸ ಮನೆಯ ಲಾನಿನಲ್ಲಿ ಕಳೆ ಕೀಳುವ ಕೆಲಸಕ್ಕೆ ಇಟ್ಟುಕೊಂಡೆ.

ಲಾನು ನನ್ನ ಹುಚ್ಚು. ಬಟ್ಟೆ ಅಂಗಡಿ ಚಂದ್ರಶೇಖರನಾದ ನನ್ನ ಮನೆ ಮುಂದೆ ಹಸಿರು ಜಮಖಾನ ಹಾಸಿದಂತಿರಬೇಕು ಎಂಬ ಜಂಬ. ದಾಸವಾಳ, ನಂದಿಬಟ್ಟಲು, ಕರಿಬೇವು ಎಲ್ಲ ಕಡಿಸಿ ಶಿವಮೊಗ್ಗದಿಂದ ಹುಲ್ಲು ತರಿಸಿದೆ. ಬೇಸಿಗೆಯಲ್ಲಿ ಓಣಿಯವರು ನಲ್ಲಿ ಮುಂದೆ ಕೊಡ ಹಿಡಿದು ನಿಂತಿದ್ದರೆ ನಾನು ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ನಮ್ಮವ್ವ ರಾಜೇಶ್ವರಮ್ಮ ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟು ತುಂಬೆ ಹೂ ಏರಿಸುವವರು. ಪೂಜೆ ಮುಗಿದ ಮೇಲೆ ಲಿಂಗಕ್ಕೆ ಎರೆದ ನೀರನ್ನು ಪಾದೋದಕವೆಂದು ಕುಡಿಯುವವರು. ಲಾನು ಬಂದು ತುಂಬೆ ಹೋಯಿತು. ಹನುಮಮ್ಮ ಮಾತ್ರ ನೀರಿನ ತೊಟ್ಟಿಯ ಹಿಂದೆ ನಾಲ್ಕು ಗಿಡ ಕೀಳದೆ ಬಿಡುತ್ತಿದ್ದಳು.

“ಕಳೆ ಎಲ್ಲಾ ಕೀಳು ಅಂದ್ರೆ ತಿಳಿಯಲ್ಲೇನೆ?” ಎಂದು ಗದರಿದೆ.

“ಅದು ಕಳೆ ಅಲ್ರೀ ಸಾವ್ಕಾರ್ರೆ, ತುಂಬೆ. ಅಮ್ಮಾರ ಪೂಜೆಗೆ ಬೇಕಲ್ರೀ.”

“ಲಾನಿನಾಗೆ ಹುಲ್ಲು ಬಿಟ್ಟು ಏನು ಬಂದ್ರೂ ಕಳೆನೇ!”

ಎರಡು ವರ್ಷ ಹೀಗೇ ನಡೆಯಿತು. ಕೊನೆಗೆ ಅವಳು ಕೆಲಸಕ್ಕೆ ಬರದ ಒಂದು ದಿನ, ಕಳೆ ಸಾಯಿಸುವ ಔಷಧಿ ತಂದು ಲಾನಿಗೆಲ್ಲ ಹೊಡೆದೆ. ತೊಟ್ಟಿಯ ಹಿಂದೆಯೂ ಬಿಡಲಿಲ್ಲ. ಕುಪ್ಪಗಡ್ಡೆಯ ನೆಂಟರ ಮನೆಗೆ ಹೋಗಿದ್ದ ಅವ್ವ ಸಂಜೆ ಬಸ್ಸಿಗೆ ಬಂದರು. ಅವರಿಗೊಂದು ಮಾತು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಹನುಮಮ್ಮ ಗೇಟು ತೆಗೆದವಳೇ ಮೂಗು ಹಿಡಿದಳು. ತೊಟ್ಟಿಯ ಹಿಂದೆ ಓಡಿದಳು. ತುಂಬೆಯ ತುದಿಗಳು ಸುರುಟಿಕೊಂಡಿದ್ದವು. ಹೂ ಯಾರೋ ಆಗಲೇ ಬಿಡಿಸಿಕೊಂಡು ಹೋಗಿದ್ದರು. ಅವಳನ್ನು ನಾವು ಒಳಗೆ ಕರೆದದ್ದೂ ಇಲ್ಲ, ಅವಳು ಬಂದದ್ದೂ ಇಲ್ಲ. ಅವತ್ತು ಮಣ್ಣುಗಾಲಿನಲ್ಲೇ ದೇವರ ಕೋಣೆಗೆ ನುಗ್ಗಿದಳು.

“ಕುಡೀಬ್ಯಾಡ್ರೀ ಅಮ್ಮಾರೆ! ಹೂವಿಗೆ ಔಷಧಿ ಬಿದ್ದೈತಿ!”

ಪೇಪರು ಬಿಸಾಕಿ ನಾನು ಒಳಗೆ ಹೋದಾಗ ಅವ್ವನ ಅಂಗೈ ತುಟಿಯ ಹತ್ತಿರವಿತ್ತು. ಅದರಲ್ಲಿ ನೀರು ಇನ್ನೂ ಇತ್ತು.

ಅವ್ವ ನೀರು ಚೆಲ್ಲಿದರು, ಲಿಂಗವನ್ನು ಮತ್ತೆ ಮತ್ತೆ ತೊಳೆದರು. ನಾಲ್ಕು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ವಾರವೇ ಲಾನು ಅಗೆಸಿದೆ. ಔಷಧಿಯ ವಿಷ ತೊಳೆದು ಹೋಗಲಿ ಎಂದು ಆ ಮಳೆಗಾಲ ಪೂರ್ತಿ ಅಲ್ಲಿ ಏನನ್ನೂ ನೆಡಲು ಹನುಮಮ್ಮ ಬಿಡಲಿಲ್ಲ. ಆಮೇಲೆ ತಾನೇ ಊರ ಕಡೆಯಿಂದ ತುಂಬೆ ಬೀಜ ತಂದು ಉದುರಿಸಿದಳು. ಬಚ್ಚಲ ನೀರು ಹರಿಯುವ ಕಡೆ ಒಂದೆಲಗ, ಬಾಳೆ. ಗೋಡೆಯುದ್ದಕ್ಕೆ ದಾಸವಾಳ. ಈಗ ಅಂಗಳದಲ್ಲಿ ಜೇನ್ನೊಣ ಗುಂಯ್‌ಗುಡುತ್ತವೆ, ಪೈಪು ಮೂಲೆಯಲ್ಲಿ ಧೂಳು ಹಿಡಿದಿದೆ. ಅವಳನ್ನು ಕೇಳದೆ ನಾನು ಒಂದು ಕಡ್ಡಿಯನ್ನೂ ಕೀಳುವುದಿಲ್ಲ.

ಹೂ ಬಿಡಿಸಿ ಬಾಗಿಲ ಒಳಗೆ ಬಂದು ಅವ್ವನ ಕೈಗೆ ಕೊಡುವವಳು ಅವಳೇ. ಅವಳು ಬರುವುದು ತಡವಾದರೆ ನಾನು ಬಿಡಿಸಿ ಒಯ್ಯುತ್ತೇನೆ. ಅವ್ವ ಕೈಯೊಡ್ಡುವ ಮೊದಲು ನನ್ನ ಮುಖ ನೋಡಿ ಕೇಳುತ್ತಾರೆ:

“ಹನುಮಮ್ಮ ನೋಡ್ಯಾಳೇನಪ್ಪ ಇದನ್ನ?”