ಕೇಳುವ ಮೊದಲೇ ಹೆಸರು ಹೇಳುವ ನಂಜಪ್ಪಣ್ಣ

ನಂಜಪ್ಪಣ್ಣ ಯಾರ ಮನೆಯ ಗಂಟೆಯನ್ನೂ ಒತ್ತಿದವರಲ್ಲ. ಗೇಟಿನ ಹೊರಗೆ ನಿಂತು ಒಂದೇ ಉಸಿರಿಗೆ, "ನಂಜಪ್ಪನ್, ಅನ್ನೂರು, ಕಂಪ್ಯೂಟರ್ ವೇಲೆ, ಟೀಗೆ ಸಕ್ಕರೆ ಬೇಡ!" ಎಂದು ಕೂಗುತ್ತಿದ್ದರು. ವೇಲೆ ಎಂದರೆ ತಮಿಳಿನಲ್ಲಿ ಕೆಲಸ. ಮೊದಲ ಸಲ ಯಾರೋ ಏನನ್ನೋ ಮಾರಲು ಬಂದಿದ್ದಾರೆಂದುಕೊಂಡು ನಾನು ಬಾಗಿಲು ತೆರೆಯಲೇ ಇಲ್ಲ. ಅವರು ಬೇಸರಿಸದೆ ಅದನ್ನೇ ಇನ್ನೆರಡು ಸಲ ಕೂಗಿದರು, ಸಕ್ಕರೆಯನ್ನೂ ಬಿಡದೆ.

ಪೆರಿಯನಾಯಕನಪಾಳ್ಯಂನ ನೂಲಿನ ಗಿರಣಿಯೊಂದರಲ್ಲಿ ಮೋಟಾರ್ ರಿಪೇರಿ ಮಾಡಿಕೊಂಡಿದ್ದು, ನಿವೃತ್ತರಾದ ಮೇಲೆ ಕಂಪ್ಯೂಟರ್ ಕಲಿತವರು. ಮುತ್ತಜ್ಜನ ಕಾಲದಿಂದಲೂ ತಮಿಳು ಸೀಮೆಯ ಅನ್ನೂರಿನವರೇ. ಮನೆಮಾತು ಕನ್ನಡ, ಓದಲು ಮಾತ್ರ ಬಾರದು. ಅವರ ಕನ್ನಡ ತಮಿಳಿನ ರಾಗದಲ್ಲಿ ತೂಗಿಕೊಂಡು, ಕೊನೆಗೊಂದು 'ಂಗ' ಅಂಟಿಸಿಕೊಂಡು ಬರುತ್ತಿತ್ತು: ಸರೀಂಗ, ಇಲ್ಲೀಂಗ. ಚಿತ್ರದುರ್ಗದ ನಾನು ನಕ್ಕರೆ, "ನೀನು ಮಾತಾಡಿದ್ರೆ ರೇಡಿಯೋದಲ್ಲಿ ನ್ಯೂಸ್ ಓದ್ದಂಗೆ ಇರತ್ತೆ ಅಮ್ಮಿಣಿ" ಎಂದು ಅವರೂ ನಗುತ್ತಿದ್ದರು. ಅಮ್ಮಿಣಿ ಎಂದರೆ ಆ ಕಡೆ ಮನೆಮಗಳನ್ನು ಕರೆಯುವ ಮಾತು.

ಗಂಡನ ಕೆಲಸಕ್ಕೆಂದು ಅನ್ನೂರಿಗೆ ಹತ್ತಿರದ ಈ ಊರಿಗೆ ನಾವು ಬಂದು ಆಗ ನಾಲ್ಕು ತಿಂಗಳಾಗಿತ್ತು. ನನಗೆ ಊರು ಹಿಡಿಸಿರಲಿಲ್ಲ. ಕಿರಾಣಿ ಅಂಗಡಿಗೆ ಹೋಗಲಿ, ಟೈಲರ್ ಹತ್ತಿರ ಹೋಗಲಿ, "ಯಾರುಂಗ?" ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳಬೇಕು, ಅದೂ ಬಾರದ ತಮಿಳಿನಲ್ಲಿ. ಆರು ತಿಂಗಳು ನೋಡುತ್ತೇನೆ, ಆಮೇಲೆ ದುರ್ಗಕ್ಕೆ ವಾಪಸ್ ಎಂದು ಗಂಡನಿಗೆ ಗಡುವು ಕೊಟ್ಟಿದ್ದೆ. ಗಾಯದ ಮೇಲೆ ಬರೆ ಎಂಬಂತೆ ಮನೆಯ ಕಂಪ್ಯೂಟರೂ ಅದನ್ನೇ ಕೇಳುತ್ತಿತ್ತು. ನಾನು ಆನ್‌ಲೈನ್ ಪಾಠ ಮಾಡುವವಳು. ಫೈಲುಗಳೆಲ್ಲ ಹಾಲಿನ ಕಂಪ್ಯೂಟರಿನಲ್ಲಿ. ಕೋಣೆಯ ಲ್ಯಾಪ್‌ಟಾಪಿನಿಂದ ತೆರೆಯಹೋದರೆ ದಿನವೂ ಹೆಸರು ಹೇಳು, ಪಾಸ್‌ವರ್ಡ್ ಹೇಳು. ಸ್ವಂತ ಮನೆಯಲ್ಲೇ ಯಾರುಂಗ!

ರಿಪೇರಿಗೆಂದು ಗಂಡ ಕಳಿಸಿದ್ದ ನಂಜಪ್ಪಣ್ಣ ಎರಡನ್ನೂ ತೆರೆದು ನೋಡಿದರು.

"ದೊಡ್ಡ ಆಫೀಸಲ್ಲಿ ಒಬ್ಬ ತಲೈವರ್ ಇರ್ತಾನೆ. ಇವಳು ನಮ್ಮವಳು ಅಂತ ಅವನು ಒಂದ್ಸಾರಿ ಹೇಳಿದ್ರೆ ಎಲ್ಲಾ ಪೆಟ್ಟಿಗೇನೂ ಒಳಗೆ ಬಿಡತ್ತೆ. ಮನೇಲಿ ತಲೈವರ್ ಇಲ್ಲ ಅಮ್ಮಿಣಿ. ಒಂದೊಂದು ಪೆಟ್ಟಿಗೆಗೂ ಅದರದೇ ಪಟ್ಟಿ. ಎರಡು ಪಟ್ಟೀಲೂ ನಾವೇ ಬರೀಬೇಕು. ಅದೇ ಹೆಸ್ರು, ಅದೇ ಪಾಸ್‌ವರ್ಡ್. ಇಲ್ಲಿ ನೋಡು, ಲ್ಯಾಪ್‌ಟಾಪಲ್ಲಿ ನಿನ್ನ ಹೆಸ್ರಿಗೆ ಒಂದು 'ಎ' ಜಾಸ್ತಿ."

"ಒಂದಕ್ಷರಕ್ಕೆ ಇಷ್ಟು ರಗಳೆನಾ?"

"ಮನೇಲಿ ನಾನು ನಂಜಪ್ಪ, ಕಾಗದದಲ್ಲಿ ನಂಜಪ್ಪನ್. ಆ ಒಂದು 'ನ್'ಗೆ ಪೆನ್ಷನ್ ಆಫೀಸಿಗೆ ನಾಲ್ಕು ಸಾರಿ ನಡೆಸಿದ್ರು. ನಾನೇ ಎದುರಿಗೆ ನಿಂತಿದೀನಿ, ನೀನು ಯಾರು ಅಂತಾನೆ! ಅದಾದ ಅಪ್ಪುರ ತೀರ್ಮಾನ ಮಾಡ್ಕೊಂಡೆ. ಕೇಳೋಕ್ಕೆ ಮುಂಚೆ ಹೇಳಿಬಿಡೋದು, ಎಲ್ಲಾ ಕಡೇನೂ ಒಂದೇ ಮಾದರಿ."

ಹಾಲಿನ ಕಂಪ್ಯೂಟರಿನಲ್ಲೂ ಆ ಹೆಚ್ಚಿನ 'ಎ' ಸಮೇತ ನನ್ನ ಹೆಸರನ್ನು ಬರೆದು, ಲ್ಯಾಪ್‌ಟಾಪಿನ ಪಾಸ್‌ವರ್ಡನ್ನೇ ಅಲ್ಲಿಗೂ ಕೊಡಿಸಿದರು. ಅಂದಿನಿಂದ ಅದು ಮತ್ತೆ ಕೇಳಲಿಲ್ಲ.

ಟೀ ಕೊಡುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಪೆಟ್ಟಿಗೆ ಸರಿಹೋಯ್ತು ಅಣ್ಣ, ಈ ಊರು?" ಎಂದುಬಿಟ್ಟೆ. ಅವರು ಲೋಟ ಕೆಳಗಿಟ್ಟು, "ಚಪ್ಪಲಿ ಹಾಕ್ಕೋ" ಎಂದರು.

ಅಂಗಡಿ ಅಂಗಡಿಗೂ ಕರೆದುಕೊಂಡು ಹೋದರು. ಎಲ್ಲ ಕಡೆಯೂ ತಮಿಳಿನಲ್ಲಿ ಅದೇ ಮಾತು: ನಮ್ಮ ಅಮ್ಮಿಣಿ, ಸುಮಾ, ಚಿತ್ರದುರ್ಗ, ಪಾಠ ಮಾಡುವ ಕೆಲಸ, ಟೀಗೆ ಎರಡು ಚಮಚ ಸಕ್ಕರೆ. ನಾನು ನಾಚಿಕೆಯಿಂದ ಸತ್ತೇಹೋದೆ. "ಟೈಲರ್‌ಗೆ ನನ್ನ ಸಕ್ಕರೆ ಸುದ್ದಿ ಯಾಕಣ್ಣ?" ಎಂದರೆ, "ಒಂದ್ ಅಕ್ಷರ ಬದಲಾಗಬಾರ್ದು" ಎಂದು ಮುಂದಕ್ಕೆ ನಡೆದರು. ಮರುದಿನ ಕಿರಾಣಿಯವನು "ವಾಂಗ ಸುಮಾ", ಬನ್ನಿ ಸುಮಾ, ಎಂದ. ಆರು ತಿಂಗಳ ಗಡುವು ಯಾವಾಗ ಕಳೆಯಿತೋ, ಆ ಮಾತನ್ನು ನಾನೂ ಎತ್ತಲಿಲ್ಲ, ಗಂಡನೂ ಎತ್ತಲಿಲ್ಲ.

ಆಮೇಲೆ ಎರಡು ವರ್ಷ ಅವರ ಕೂಗು ಗೇಟಿನಲ್ಲಿ ಕೇಳುತ್ತಲೇ ಇತ್ತು. ಕಳೆದ ತಿಂಗಳು ಕೇಳಲಿಲ್ಲ. ವಿಚಾರಿಸಿದಾಗ ಟೈಲರ್ ಹೇಳಿದ, ಎದೆನೋವಂತೆ, ತೀರಿಹೋಗಿ ಹತ್ತು ದಿನವಾಯಿತಂತೆ. ನನಗೆ ತುಂಬ ಸಂಕಟವಾಯಿತು. ಅವರು ನನಗೆ ಊರು ಮಾಡಿಕೊಟ್ಟಿದ್ದರು, ನಾನು ಒಮ್ಮೆಯೂ ಅವರ ಮನೆಗೆ ಹೋಗಿರಲಿಲ್ಲ.

ಅನ್ನೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಅವರ ಹೆಂಡತಿಗೆ ನಾನು ಯಾರೆಂದು ಹೇಗೆ ಹೇಳಲಿ? ಕಡೆಗೆ ಅವರ ಮಾದರಿಯಲ್ಲೇ ಒಂದು ವಾಕ್ಯ ಮಾಡಿಕೊಂಡು ಬಾಯಿಪಾಠ ಮಾಡಿದೆ.

ಜಗಲಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕಡಲೆಕಾಯಿ ಸುಲಿಯುತ್ತ ಕೂತಿದ್ದರು. "ನಂಜಪ್ಪಣ್ಣನವರ ಮನೆ ಇದೇನಾ?" ಎಂದೆ. ಅವರು ತಲೆ ಎತ್ತಿದರು. ನನ್ನ ರೇಡಿಯೋ ಕನ್ನಡ ಕೇಳಿದ್ದೇ ಸಾಕಾಗಿತ್ತು.

"ಸುಮಾ ತಾನೆ? ಚಿತ್ರದುರ್ಗ ಅಮ್ಮಿಣಿ. ಹೊರಗೆ ಯಾಕೆ ನಿಂತೆ, ಒಳಗೆ ಬಾ."

ಬಾಯಿಪಾಠ ಮಾಡಿದ ವಾಕ್ಯ ಬೇಕಾಗಲೇ ಇಲ್ಲ. ನಾನು ಜಗಲಿಯ ಮೇಲೇ ಕೂತು ಅತ್ತೆ. ಅವರು ಒಳಗೆ ಹೋಗಿ ಟೀ ಮಾಡಿ ತಂದರು. ಎರಡು ಚಮಚ ಸಕ್ಕರೆ, ನನ್ನನ್ನು ಕೇಳದೆಯೇ ಹಾಕಿದ್ದರು.