ಒಂಬತ್ತು ಸೆಕೆಂಡಿನ ಮೌನ

ಬೆಳಗಿನ ಐದೂವರೆ. ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಸರದಿಯಕ್ಕ ಹಸುಗೂಸುಗಳ ಉಸಿರಾಟದ ಯಂತ್ರದ ಮುಂದೆ ನಿಂತಿದ್ದಾರೆ. ಯಂತ್ರ ಒಂದು ರಬ್ಬರ್ ಚೀಲಕ್ಕೆ ಗಾಳಿ ತುಂಬುತ್ತಿದೆ. ಅಕ್ಕ ಕೊಳವೆಯನ್ನು ಪಟ್ಟನೆ ಕಿತ್ತು ತಮ್ಮ ಉಸಿರನ್ನೂ ಬಿಗಿಹಿಡಿಯುತ್ತಾರೆ. ಅಲಾರಾಂ ಕೂಗುವವರೆಗೆ ಉಸಿರು ಬಿಡುವುದಿಲ್ಲ. ಹದಿನಾಲ್ಕು ವರ್ಷದ ರೂಢಿ. ಒಂದು ಸೆಕೆಂಡಿನೊಳಗೆ ಕೂಗಬೇಕು. ಇಂದು, ಅವರ ಬಗ್ಗೆ ಬರೆಯಲು ಬಂದ ನನಗೆ ತೋರಿಸಲೆಂದೇ, ದೋಷವಿದ್ದ ಹಳೆಯ ಪ್ರೋಗ್ರಾಂ ಹಾಕಿದ್ದಾರೆ. ಎರಡು, ಮೂರು, ಐದು... ಒಂಬತ್ತಕ್ಕೆ ಅದು ಕಿರುಚುತ್ತದೆ. ಅಯ್ಯೋ, ಆ ಚೀಲದ ಜಾಗದಲ್ಲಿ ಮಗು ಇದ್ದಿದ್ದರೆ?

"ಗಾಬರಿ ಆಯ್ತಾ? ಮೊದಲ ಸಲ ನಂಗೂ ಹಾಗೇ ಆಗಿತ್ತು," ಎನ್ನುತ್ತಾರೆ ಅಕ್ಕ.

ಯಂತ್ರದೊಳಗಿನ ಒಂದೇ ಚಿಪ್‌ನಲ್ಲಿ ನಾಲ್ಕು ಕೋರ್‌ಗಳು, ಅಂದರೆ ಏಕಕಾಲಕ್ಕೆ ದುಡಿಯುವ ನಾಲ್ಕು ಮಿದುಳುಗಳು. ಗಾಳಿ ಅಳೆಯುವುದು, ಪರದೆಯಲ್ಲಿ ಗೆರೆ ಬಿಡಿಸುವುದು, ಅಲಾರಾಂ ಕೂಗಿಸುವುದು, ಹೀಗೆ ಸೆಕೆಂಡಿಗೆ ಸಾವಿರಾರು ಕೆಲಸ. ಯಾವುದು ಯಾವ ಕೋರಿಗೆ, ಯಾವ ಕ್ಷಣಕ್ಕೆ ಎಂದು ಸರದಿ ಹಚ್ಚುವ ಸಾಫ್ಟ್‌ವೇರನ್ನು ಅಕ್ಕ ಬರೆಯುತ್ತಾರೆ. ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು ಅದರಿಂದಲೇ ಬಂದದ್ದು.

"ನಾಲ್ಕು ಜನ ಅಡುಗೆಗೆ ನಿಂತ್ರೂ ಒಲೆ ಒಂದೇ ಅಲ್ವಾ? ಜಗಳ ಬಿಡಿಸೋಳು ನಾನು. ನಮ್ಮತ್ತೆ ಮಾತ್ರ, 'ಮನೇಲಿ ಹಾಲು ಉಕ್ಕಿದ್ರೂ ಇವಳಿಗೆ ಗೊತ್ತಾಗಲ್ಲ, ಸರದಿ ನೋಡ್ತಾಳಂತೆ ಸರದಿ!' ಅಂತಾರೆ."

ಅಲಾರಾಂ ತಡವಾದದ್ದು ಅಕ್ಕನದೇ ತಪ್ಪು. ಅಲಾರಾಂ ಎಷ್ಟು ಹೊತ್ತಿಗೆ ಕೂಗಿತೆಂದು ಪರೀಕ್ಷೆಯಲ್ಲಿ ದಾಖಲಿಸಲು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ್ದರು. ಆ ಸಾಲು ಪರದೆಯ ಕೆಲಸವನ್ನು ಕೂದಲೆಳೆಯಷ್ಟು ತಡೆಯುತ್ತಿತ್ತು. ಅಷ್ಟರಲ್ಲಿ ಅಲಾರಾಂ ನುಸುಳಿ ಸರಿಯಾದ ಹೊತ್ತಿಗೆ ಕೂಗಿಬಿಡುತ್ತಿತ್ತು. ಹನ್ನೊಂದು ಸಾವಿರ ಪರೀಕ್ಷೆ, ಎಲ್ಲವೂ ಪಾಸು! ಮಾರಾಟಕ್ಕೆ ಕಳಿಸುವಾಗ ಸಾಲನ್ನು ತೆಗೆದರು. ಆಗ ಪರದೆಯ ಕೆಲಸ, ಅಲಾರಾಂ ಎರಡೂ ಒಂದೇ ಕ್ಷಣಕ್ಕೆ ಒಂದೇ ಮಾಹಿತಿಗೆ ಕೈಹಾಕಿದವು, ಅಲಾರಾಂ ಕಾಯುತ್ತ ನಿಂತಿತು. ಕಳೆದ ವಾರ ಪರೀಕ್ಷೆಯ ಯಂತ್ರ ಕೆಟ್ಟಿತೆಂದು, ಪ್ಯಾಕ್ ಆಗಿದ್ದ ಯಂತ್ರವೊಂದನ್ನೇ ಬಿಚ್ಚಿ ಕೊಳವೆ ಕಿತ್ತಾಗ ಅವರಿಗೆ ಇದು ತಿಳಿಯಿತು.

"ಹನ್ನೊಂದು ಸಾವಿರ ಸಲ ಪಾಸಾಗಿದೆಯಲ್ಲಮ್ಮ!" ಎಂದು ಮ್ಯಾನೇಜರ್ ಕೂಗಾಡಿದರಂತೆ.

"ಪಾಸಾಗಿದ್ದು ಮಷೀನಲ್ಲ ಸಾರ್, ನಾನು ಸೇರಿಸಿದ್ದ ಸಾಲು. ಮಷೀನು ತುಂಬಿರೋ ಲಾರಿ ನಿಲ್ಲಿಸಿ."

ಲಾರಿ ನಿಂತಿತು. ಆದರೆ ಹನ್ನೆರಡು ಯಂತ್ರಗಳು ಆರು ವಾರದ ಹಿಂದೆಯೇ ಆಸ್ಪತ್ರೆ ಸೇರಿದ್ದವು. ಅಕ್ಕ ಒಂದೊಂದು ಆಸ್ಪತ್ರೆಗೂ ತಾವೇ ಫೋನ್ ಮಾಡಿದರು. ಹನ್ನೊಂದು ಕಡೆ ಯಂತ್ರವನ್ನು ಆ ದಿನವೇ ಬದಲಾಯಿಸಿದರು. ಹನ್ನೆರಡನೆಯ ಆಸ್ಪತ್ರೆಯಲ್ಲಿ ಬದಲಿ ಯಂತ್ರವೇ ಇರಲಿಲ್ಲ. ಅಲ್ಲಿನ ನರ್ಸ್ ಹೇಳಿದ ಮಾತು ಕೇಳಿ ನಾನು ದಂಗಾಗುತ್ತೇನೆ.

"ಗೊತ್ತು ಬಿಡಮ್ಮ, ನಿಮ್ಮ ಮಷೀನು ಸ್ವಲ್ಪ ಸೋಮಾರಿ. ಅದಕ್ಕೇ ನಾವು ಸರದಿ ಮೇಲೆ ಕೂತಿರ್ತೀವಿ, ಮಗು ಪಕ್ಕ ಬಿಟ್ಟು ಏಳಲ್ಲ."

ಆರು ವಾರ! ಒಂದು ದೂರೂ ಇಲ್ಲ. ಯಾವ ಮಗುವಿಗೂ ಏನೂ ಆಗಿಲ್ಲ ಎನ್ನುವಾಗ ಅಕ್ಕನ ಕಣ್ಣು ತುಂಬುತ್ತದೆ. ಸರಿಪಡಿಸಿದ ಪ್ರೋಗ್ರಾಂ ನಿನ್ನೆ ಸಿದ್ಧವಾಗಿದೆ. ಇಂದು ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಕೈಚೀಲದಲ್ಲಿಟ್ಟುಕೊಂಡು ಅದೇ ಆಸ್ಪತ್ರೆಗೆ ಹೊರಟಿದ್ದಾರೆ.

"ಸರಿಯಾಗಿದೆ ಅಂದ್ರೆ ಅವರು ಮೊದಲ ದಿನವೇ ನಂಬಲ್ಲ. ನಂಬಬಾರದು ಕೂಡ," ಎನ್ನುತ್ತಾರೆ. "ಆ ನರ್ಸಮ್ಮ ಎದ್ದು ಹೋಗಿ, ಬಿಸಿ ಇರುವಾಗಲೇ ಒಂದು ಲೋಟ ಟೀ ಕುಡಿದು ಬರಲಿ. ಅಲ್ಲೀವರೆಗೂ ಮಗು ಪಕ್ಕ ನಾನು ಕೂತಿರ್ತೀನಿ."