ಯಾರ ಶಿಷ್ಯೆ ಎಂದು ಹೇಳಿಸಲಿ

ತಿಪಟೂರಿನಲ್ಲಿ ನಾಟಕದ ಪರದೆ, ಕಿರೀಟ, ಗದೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳು, ತಬಲದವರು ಸಂಜೆ ಅಲ್ಲಿ ಸೇರುತ್ತಿದ್ದರು. ಅವರ ಮಾತು ಎಲ್ಲಿಂದ ಹೊರಟರೂ ಕೊನೆಗೆ ಗುರುಗಳ ಹತ್ತಿರ ಬಂದು ನಿಲ್ಲುತ್ತಿತ್ತು. ಒಬ್ಬರು ಕಂಪನಿ ನಾಟಕದ ದೊಡ್ಡವರೊಬ್ಬರ ಹೆಸರು ಹೇಳಿ ಕೈ ಮುಗಿದರೆ, ಇನ್ನೊಬ್ಬರು ಗುರುವಿನ ಗುರುವನ್ನೇ ಎಳೆದು ತರುತ್ತಿದ್ದರು. ಸಿನಿಮಾ ಕ್ಯಾಸೆಟ್ಟಿನಿಂದ ಮಟ್ಟು ಎತ್ತಿಕೊಂಡವರೂ ಅದನ್ನು ಗುರುಗಳ ಪ್ರಸಾದ ಎಂದೇ ಹೇಳುತ್ತಿದ್ದರು.

ತೊಂಬತ್ತರ ದಶಕ ಅದು. ನನಗೆ ಇಪ್ಪತ್ತು ದಾಟಿತ್ತು. ನಾಟಕದವರಿಗೆ ಹೆಂಗಸರು ಬೇಕಾಗಿದ್ದದ್ದು ಬಣ್ಣ ಹಚ್ಚಿಕೊಂಡು ಸ್ತ್ರೀಪಾತ್ರ ಮಾಡುವುದಕ್ಕೆ, ಹಾರ್ಮೋನಿಯಂ ಮುಂದೆ ಕೂತು ಗಂಡಸರಿಗೆ ಹಾಡು ಹೇಳಿಕೊಡುವುದಕ್ಕಲ್ಲ. ನನಗೆ ಬೇಕಾಗಿದ್ದದ್ದು ಮಾತ್ರ ಅದೇ. ಬೇಡ ಅನ್ನಿಸಿಕೊಂಡಷ್ಟೂ ನನ್ನ ಹಟ ಹೆಚ್ಚುತ್ತಿತ್ತು.

ನಮ್ಮೂರು ದಬ್ಬೇಘಟ್ಟದ ಕಡೆ. ಅಪ್ಪನಿಗೆ ನಾಟಕದ ಹುಚ್ಚು. ಕಲಿಸಲು ಬಂದ ಮೇಷ್ಟ್ರು ತಿಂಗಳುಗಟ್ಟಲೆ ನಮ್ಮ ಮನೆಯಲ್ಲೇ ಉಳಿಯುತ್ತಿದ್ದರು. ರಾತ್ರಿ ತಾಲೀಮು, ಹಗಲು ಜಗಲಿಯ ಮೇಲೆ ನಿದ್ದೆ. ಹಾರ್ಮೋನಿಯಂ ನಡುಮನೆಯಲ್ಲಿ ಸುಮ್ಮನೆ ಕೂತಿರುತ್ತಿತ್ತು. ನನಗೂ ಕಲಿಸಿ ಎಂದು ಚಿಕ್ಕವಳಿದ್ದಾಗಲೇ ಕೇಳಿದೆ. "ಹೆಣ್ಮಕ್ಳಿಗ್ಯಾಕವ್ವ ಇದು? ಹೋಗು, ಮಜ್ಜಿಗೆ ತತ್ತಾ" ಅಂದರು. ಮಜ್ಜಿಗೆ ತಂದುಕೊಟ್ಟೆ. ಅವರು ಕುಡಿದು ಗೊರಕೆ ಹೊಡೆಯತೊಡಗಿದ ಮೇಲೆ ಪೆಟ್ಟಿಗೆ ತೆರೆದೆ.

ಸದ್ದಾದರೂ ಅವರು ಏಳುತ್ತಿರಲಿಲ್ಲ. ಹಿತ್ತಲಲ್ಲಿ ಅದಕ್ಕಿಂತ ದೊಡ್ಡ ಸದ್ದು ನಡೆದಿರುತ್ತಿತ್ತು. ಅವ್ವ ಕೂಲಿಯ ಹೆಂಗಸರ ಜೊತೆ ಸಾಲಾಗಿ ಕೂತು ಕೊಬ್ಬರಿ ಬಿಡಿಸುತ್ತಿದ್ದಳು. ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ಕಾಯಿಯೊಳಗೆ ಕೊಬ್ಬರಿ ಉಂಡೆಯಾಗಿ ಕರಟದಿಂದ ಬಿಟ್ಟುಕೊಂಡಿರುತ್ತದೆ. ಬಲಗೈಯ ಮಚ್ಚಿನಿಂದ ಕರಟಕ್ಕೆ ಹದವಾಗಿ ಹೊಡೆಯುತ್ತ, ಎಡಗೈಯಲ್ಲಿ ಕಾಯಿ ತಿರುಗಿಸುತ್ತ, ಉಂಡೆಗೆ ಗಾಯವಾಗದಂತೆ ಬಿಡಿಸಬೇಕು. ಹೊಸಬರು ಕೈಗೆ ಬಂದಂತೆ ಹೊಡೆದರೆ ಅವ್ವ ಸುಮ್ಮನಿರುತ್ತಿರಲಿಲ್ಲ. "ಅದೇನ್ ಅವಸರನೇ ನಿಂಗೆ? ಕಾಯಿ ತಿರುಗ್ಲಿ ಬುಡು, ಆಮೇಲೆ ಹೊಡಿ" ಎಂದು ಗದರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸಾಲಿನವರೆಲ್ಲ ಅವಳ ನಡೆಗೆ ಬಂದುಬಿಡುತ್ತಿದ್ದರು. ಆ ಸದ್ದಿನ ಮರೆಯಲ್ಲಿ ನಾನು ರಾತ್ರಿ ಕೇಳಿದ ಹಾಡುಗಳನ್ನು ಒಂದೊಂದೇ ಹುಡುಕಿ ನುಡಿಸುತ್ತಿದ್ದೆ. ಹೀಗೆ ವರ್ಷಗಳು ಕಳೆದವು. ಕಾಯಿ ತಿರುಗುವಷ್ಟು ಹೊತ್ತು ಬೆರಳನ್ನು ತಡೆಯುವುದು ನನಗೆ ತಿಳಿಯದಂತೆಯೇ ಅಭ್ಯಾಸವಾಗಿತ್ತು.

ಆಮೇಲೊಂದು ಸಲ ಹಂದನಕೆರೆ ಕಡೆಯ ಹಳ್ಳಿಯೊಂದರಲ್ಲಿ ನಾಟಕ ಕಲಿಸುತ್ತಿದ್ದವರು ಅರ್ಧಕ್ಕೇ ಬಿಟ್ಟು ಹೋದರು. ಅಲ್ಲಿ ಗದೆ ಹಿಡಿಯುವ ಪಾತ್ರ ಮಾಡುತ್ತಿದ್ದ ಯಜಮಾನರು ಅಪ್ಪನ ಸ್ನೇಹಿತರು. ಬೇರೆಯವರು ಸಿಗುವ ತನಕ ನೋಡಿಕೋ ಎಂದು ನನ್ನನ್ನು ಕರೆದರು. ಅವರ ಕಂಠ ಚೆನ್ನಾಗಿತ್ತು, ತಾಳ ಮಾತ್ರ ದೇವರಿಗೇ ಪ್ರೀತಿ. ತಬಲದವನು ಇನ್ನೂ ಕೈ ಎತ್ತುವಷ್ಟರಲ್ಲಿ ಇವರು ಹಾಡಿನ ಅರ್ಧಕ್ಕೆ ಹೋಗಿರುತ್ತಿದ್ದರು. ತಾಳದ ಲೆಕ್ಕ ಹೇಳಿ ಹೇಳಿ ಸಾಕಾಗಿ, "ಯಜಮಾನ್ರೇ, ಕಾಯಿ ತಿರುಗ್ಲಿ ಬುಡಿ, ಆಮೇಲೆ ಎತ್ಕಳಿ" ಅಂದುಬಿಟ್ಟೆ. ಕೊಬ್ಬರಿ ಬಿಡಿಸದ ಕೈ ಆ ಊರಿನಲ್ಲಿ ಯಾವುದಿದೆ? ಎಡಗೈ ತಿರುಗಿಸಿಕೊಂಡೇ ಹಾಡಿದರು. ತಾಳದ ಸರಿಯಾದ ಜಾಗಕ್ಕೆ ಬಂದು ಕೂತರು.

ಊರಿನವರು ಅಷ್ಟಕ್ಕೆ ಒಪ್ಪಲಿಲ್ಲ. ನಮ್ಮ ಕಡೆ ಪ್ರಾರ್ಥನೆ ಮುಗಿದ ಮೇಲೆ ಮೈಕಿನಲ್ಲಿ ಮೇಷ್ಟ್ರ ಹೆಸರು, ಅವರು ಯಾರ ಶಿಷ್ಯರು ಎಂಬುದನ್ನು ಕೂಗಿ ಹೇಳಬೇಕು. ಹೆಣ್ಣು ಬೇರೆ, ಗುರುವಿಲ್ಲದವಳು ಬೇರೆ, ನಾಲ್ಕು ಊರಿನವರ ಮುಂದೆ ಮಾನ ಹೋಗುತ್ತದೆ ಅಂದರು. ಯಜಮಾನರು ನನ್ನನ್ನು ತಿಪಟೂರಿನ ಆ ಅಂಗಡಿಗೆ ಕರೆದುಕೊಂಡು ಹೋದರು. ನಮ್ಮ ಮನೆಯಲ್ಲಿ ಇರುತ್ತಿದ್ದ ಮೇಷ್ಟ್ರು ಅಲ್ಲೇ ಕೂತಿದ್ದರು. ವಿಷಯ ಕೇಳಿ ದೊಡ್ಡ ಮನಸ್ಸು ಮಾಡಿದರು.

"ಅದ್ಕೇನಂತೆ, ನನ್ ಶಿಷ್ಯೆ ಅಂತ ಕೂಗ್ಸಿ ಬುಡಿ. ನಾನೇನ್ ಬ್ಯಾಡ ಅಂತೀನಾ?"

ಯಜಮಾನರ ಮುಖ ಅರಳಿತು. ನನ್ನ ಮೈ ಉರಿಯಿತು.

"ಹಾಡು ನಿಮ್ಮವೇ ಮೇಷ್ಟ್ರೇ. ಇಲ್ಲ ಅನ್ನಲ್ಲ" ಅಂದೆ. "ಆದ್ರೆ ನೀವು ನಂಗೆ ಕಲಿಸ್ಲಿಲ್ಲ. ತಾಳ ಕಲ್ತಿದ್ದು ನಮ್ಮವ್ವನ ಹತ್ರ."

"ನಿಮ್ಮವ್ವ ಹಾಡ್ತಾರಾ?"

"ಇಲ್ಲ. ಕೊಬ್ಬರಿ ಬಿಡಿಸ್ತಾರೆ."

ಅಂಗಡಿಯೇ ನಕ್ಕಿತು. ತಬಲದವರೊಬ್ಬರು, "ಹಂಗಾರೆ ನಂಗೆ ಹಿಟ್ಟಿನ ಗಿರಣಿನೇ ಗುರು ಕಣಮ್ಮ" ಎಂದು ಎಲ್ಲರಿಗಿಂತ ಜೋರಾಗಿ ನಕ್ಕರು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಅಲ್ಲ ಕಣ್ರೀ, ನಿಜನೇ ಅದು. ರಾಗಿ ಬೀಸ್ಕಂಡು ಬರಾಕೆ ಹೋದಾಗ ಇಂಜಿನ್ ಸದ್ದಿಗೆ ತೊಡೆ ಬಾರ್ಸ್ಕಂಡು ಕೂತಿರ್ತಿದ್ದೆ. ಗುರುಗಳ ಹತ್ರ ಹೋಗಿದ್ದು ಆಮೇಲೆ" ಅಂದರು. ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರು ಮಾತ್ರ ಎದ್ದು ಟವಲ್ ಕೊಡವಿ, "ಹಂಗಾರೆ ನಿಮ್ಮವ್ವನ್ನೇ ಕರ್ಕಂಡೋಗಿ ಕೂರ್ಸು" ಎಂದು ಹೊರಟುಹೋದರು.

ಬಸ್ಸಿನಲ್ಲಿ ಯಜಮಾನರು ದಾರಿಯುದ್ದಕ್ಕೂ ಗೊಣಗಿದರು. "ಒಂದ್ ಹೂಂ ಅಂದಿದ್ರೆ ಮುಗುದೋಗದು ಕಣವ್ವ." ನಾನು ಹೂಂ ಅನ್ನಲಿಲ್ಲ. ಕಲಿಯಲು ಬಿಡದವರ ಹೆಸರನ್ನು ತಲೆಯ ಮೇಲೆ ಹೊತ್ತು ಕೂರುವುದಾದರೆ ಮನೆಯಲ್ಲೇ ಕೂರುತ್ತೇನೆ, ನಾನು ನುಡಿಸಬೇಕಾದರೆ ಮೈಕಿನಲ್ಲಿ ಅವ್ವನ ಹೆಸರು ಹೇಳಬೇಕು ಎಂದು ಖಡಾಖಂಡಿತವಾಗಿ ಹೇಳಿ ಇಳಿದೆ. ಇದು ತಪ್ಪಿದರೆ ಇನ್ಯಾರೂ ಕರೆಯುವುದಿಲ್ಲ ಎಂದು ಗೊತ್ತಿತ್ತು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ನಿನ್ನ ಮಾತಿನಂತೆಯೇ ಆಗಲಿ, ಬಾ ಎಂದು ಯಜಮಾನರು ಕೊನೆಗೆ ಹೇಳಿಕಳಿಸಿದರು. ಬೇರೆ ಮೇಷ್ಟ್ರು ಸಿಗಲಿಲ್ಲವೆಂಬುದೂ ನಿಜ, ತಾಳಕ್ಕೆ ಸರಿಯಾಗಿ ಹಾಡುವ ರುಚಿ ಅವರಿಗೆ ಹತ್ತಿತ್ತು ಎಂಬುದೂ ನಿಜ.

ನಾಟಕದ ಸಂಜೆ ಅವ್ವ ನೆರೆಯ ಹೆಂಗಸರ ಜೊತೆ ಬಂದು ಚಾಪೆ ಹಾಸಿಕೊಂಡು ಕೂತಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಪ್ರಾರ್ಥನೆಯಾಯಿತು. ಮೈಕಿನವನು ನನ್ನ ಹೆಸರು ಹೇಳಿ, ಗಂಟಲು ಸರಿಮಾಡಿಕೊಂಡು, "ಇವರ ಗುರುಗಳು, ಇವರ ತಾಯಿಯವರಾದ" ಎಂದು ಅವ್ವನ ಹೆಸರನ್ನು ಊರಿನ ಸಮೇತ ಕೂಗಿದ. ಗಂಡಸರ ಕಡೆ ಒಂದಿಷ್ಟು ನಗು ಎದ್ದಿತು. ನಾನು ತಲೆ ಎತ್ತದೆ ಶುರು ಮಾಡಿದೆ. ಯಜಮಾನರು ಗದೆ ಹೊತ್ತು ಬಂದರು, ನಿಂತರು, ಕಾದರು, ಆಮೇಲೆ ಹಾಡಿದರು. ನಗುತ್ತಿದ್ದವರೇ ಒನ್ಸ್ ಮೋರ್ ಎಂದು ಕೂಗಿದರು.

ದೃಶ್ಯ ಬದಲಾಗುವಾಗ ಅವ್ವ ಸೆರಗು ಬಿಗಿದುಕೊಂಡು ರಂಗದ ಪಕ್ಕಕ್ಕೇ ಬಂದಳು. ಬೈಗುಳ ತಿನ್ನಲು ಸಿದ್ಧಳಾದೆ.

"ಅದ್ಯಾಕೆ ನನ್ನ ಹೆಸ್ರು ಕೂಗಿದ್ದು?"

"ಗುರುಗಳ ಹೆಸ್ರು ಕೂಗ್ತಾರೆ ಕಣವ್ವ."

ಹೊರಟವಳು ಮತ್ತೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು.

"ಮಂಗಳಕ್ಕೆ ಇನ್ನೊಂದ್ಸಲ ಕೂಗ್ತಾರೇನೆ?"

"ಕೂಗುಸ್ತೀನಿ. ಹೋಗಿ ಕೂತ್ಕ" ಅಂದೆ.